ನಾಯಿಯ ಬಾಯಿ ನಾತ, ಒಸಡಿನ ರೋಗ: ಮನೆಯಲ್ಲಿ ಏನು ಮಾಡಬಹುದು, ಡಾಕ್ಟರ ಬಳಿ ಯಾವಾಗ ಹೋಗಬೇಕು

ಮೊದಲು ತುಟಿ ಎತ್ತಿ ನೋಡಿ. ಬಾಯಿ ತೆರೆಸಬೇಕಿಲ್ಲ, ಮೇಲ್ದುಟಿಯನ್ನು ಹಿಂದಕ್ಕೆ ಸರಿಸಿದರೆ ಒಳಗಿನ ದೊಡ್ಡ ದವಡೆ ಹಲ್ಲು ಕಾಣುತ್ತದೆ. ಜೊಲ್ಲಿನ ನಾಳ ತೆರೆದುಕೊಳ್ಳುವುದು ಅದರ ಪಕ್ಕದಲ್ಲೇ, ಹಾಗಾಗಿ ಕಂದು ಗಾರೆ (ಹಲ್ಲಿನ ಮೇಲೆ ಗಟ್ಟಿಯಾದ ಕೊಳೆ) ಮೊದಲು ಕಟ್ಟುವುದೂ ಅಲ್ಲೇ. ಹಲ್ಲಿನ ಬುಡದುದ್ದಕ್ಕೂ ಕೆಂಪು ಗೆರೆ ಎಳೆದಂತಿದ್ದರೆ ಒಸಡು ಉರಿಯುತ್ತಿದೆ. ಈ ಹಂತದಲ್ಲಿ ಹಿಡಿದರೆ ಪೂರ್ತಿ ವಾಸಿಯಾಗುತ್ತದೆ. ಒಸಡು ಬಿಟ್ಟುಕೊಂಡು ಒಳಗಿನ ಮೂಳೆ ಕರಗಿದರೆ ಅದು ತಾನಾಗಿ ಮರಳಿ ಬರುವುದಿಲ್ಲ.

ಹಲ್ಲಿಗಂಟುವ ಮೆತ್ತನೆ ಲೋಳೆ 2-3 ದಿನಗಳಲ್ಲಿ ಗಟ್ಟಿಯಾಗಿ ಗಾರೆಯಾಗತೊಡಗುತ್ತದೆ. ಆಮೇಲೆ ಅದು ಬ್ರಷ್‌ಗೆ ಜಗ್ಗುವುದಿಲ್ಲ. ವಾರಕ್ಕೊಮ್ಮೆ ಉಜ್ಜಿದರೆ ಪ್ರಯೋಜನವಾಗದಿರುವುದು ಇದಕ್ಕೇ.

ಮೊದಲ ಕೆಲವು ದಿನ ಬೆರಳಿಗೆ ನಾಯಿಯ ಪೇಸ್ಟ್ ಹಚ್ಚಿ ನೆಕ್ಕಿಸಿ. ಆಮೇಲೆ ಬೆರಳಿಗೆ ಒದ್ದೆ ಬಟ್ಟೆ ಸುತ್ತಿ ಹೊರಮೈ ಒರೆಸಿ, ನಂತರ ಮೆತ್ತನೆ ಬ್ರಷ್. ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕು, ಅದನ್ನು ಎಳೆಗಳೊಳಗೆ ಒತ್ತಿಬಿಡಿ, ಇಲ್ಲದಿದ್ದರೆ ಉಜ್ಜುವ ಮೊದಲೇ ನೆಕ್ಕಿಬಿಡುತ್ತದೆ. ಬ್ರಷ್ಷನ್ನು 45 ಡಿಗ್ರಿ ಓರೆಯಾಗಿಸಿ, ಎಳೆಗಳ ತುದಿ ಒಸಡು ಮತ್ತು ಹಲ್ಲು ಸೇರುವ ಸಂದಿಗೆ ತಾಗುವಂತೆ ಸಣ್ಣ ಸುತ್ತು ಹಾಕಿ. ನಾತ ಹುಟ್ಟುವುದು ಆ ಸಂದಿಯಲ್ಲಿ. ಹಲ್ಲಿನ ನಡುಭಾಗ ಎಷ್ಟು ಹೊಳೆದರೂ ಲಾಭವಿಲ್ಲ. ಒಳಮೈಯನ್ನು ನಾಲಿಗೆ ತಕ್ಕಮಟ್ಟಿಗೆ ನೋಡಿಕೊಳ್ಳುತ್ತದೆ. ಮನುಷ್ಯರ ಪೇಸ್ಟ್ ಬೇಡ: ನಾಯಿ ಉಗುಳುವುದಿಲ್ಲ, ಫ್ಲೋರೈಡ್ ಹೊಟ್ಟೆಗೆ ಹೋಗುತ್ತದೆ, ಕೆಲವದರಲ್ಲಿರುವ ಕ್ಸೈಲಿಟಾಲ್ ಎಂಬ ಸಿಹಿಕಾರಕ ನಾಯಿಗೆ ವಿಷ.

ಉಜ್ಜುವಾಗ ನೋವಿನಿಂದ ತಲೆ ಎಳೆದುಕೊಂಡರೆ ಹಠ ಮಾಡದೆ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಗಾರೆ ಕಟ್ಟಿದ ಬಾಯಿಗೆ ಅರಿವಳಿಕೆ ಕೊಟ್ಟು, ಒಸಡಿನ ಕೆಳಗೂ ಸ್ಕೇಲಿಂಗ್ (ಗಾರೆ ಕೆರೆದು ತೆಗೆಯುವುದು) ಮಾಡಿ, ಎಕ್ಸ್‌ರೇ ತೆಗೆಯಬೇಕು. ಎಚ್ಚರವಿರುವಾಗಲೇ ಕೆರೆದು ತೆಗೆಸಿದರೆ ಹಲ್ಲು ಬೆಳ್ಳಗಾಗುತ್ತದೆ, ರೋಗ ಒಳಗೇ ಉಳಿಯುತ್ತದೆ. ಬರೀ ಆಂಟಿಬಯಾಟಿಕ್ ಕೊಟ್ಟರೂ ಅಷ್ಟೇ: ನಾತ ಕೆಲ ದಿನ ಅಡಗಿ ಮತ್ತೆ ಬರುತ್ತದೆ. ನೋವಿಗೆಂದು ಮನೆಯಲ್ಲಿರುವ ಐಬುಪ್ರೊಫೆನ್ ಕೊಡಲೇಬೇಡಿ.

ಕಣ್ಣಿನ ಕೆಳಗೆ ಊತ ಬಂದರೆ ದವಡೆ ಹಲ್ಲಿನ ಬೇರಲ್ಲಿ ಕೀವು ತುಂಬಿರಬಹುದು, ತಡಮಾಡಬೇಡಿ. ಉಸಿರಿಗೆ ಮೂತ್ರದ ವಾಸನೆಯಿದ್ದರೆ ಮೂತ್ರಪಿಂಡ, ಹಣ್ಣಿನಂಥ ಸಿಹಿ ವಾಸನೆಯಿದ್ದರೆ ಸಕ್ಕರೆ ಕಾಯಿಲೆ ಪರೀಕ್ಷಿಸಬೇಕು.

ಅಗಿಯಲು ಕೊಡುವ ವಸ್ತುವಿಗೆ ಹೆಬ್ಬೆರಳ ಉಗುರು ಒತ್ತಿ ನೋಡಿ. ಗುರುತು ಮೂಡದಿದ್ದರೆ ಅದು ತೀರಾ ಗಟ್ಟಿ. ಮೂಳೆ, ಕೊಂಬು ಕಚ್ಚಿದಾಗ ಸೀಳಿಹೋಗುವುದು ಹೆಚ್ಚಾಗಿ ಅದೇ ದೊಡ್ಡ ದವಡೆ ಹಲ್ಲು.