ಚೆಟ್ಟಿನಾಡಿನ ಮಹಾಮನೆಗಳನ್ನು ನಾನು ಹಿತ್ತಿಲಿನಿಂದ ನೋಡುವ ಬಗೆ

ಒಳಾಂಗಣ ವಿನ್ಯಾಸ ನನ್ನ ವೃತ್ತಿ. ಬೆಂಗಳೂರಿನ ಹೊರವಲಯದಲ್ಲಿ ದೊಡ್ಡ ಮನೆ ಕಟ್ಟಿಸಲು ಹೊರಟವರು ನನ್ನ ಬಳಿಗೆ ಬಂದಾಗ ಮೊದಲು ಮುಂದಿಡುವುದು ಮೊಬೈಲಿನಲ್ಲಿ ಕೂಡಿಟ್ಟುಕೊಂಡ ಚಿತ್ರಗಳನ್ನು. ಆ ಸಂಗ್ರಹದಲ್ಲಿ ಚೆಟ್ಟಿನಾಡಿನ ತೇಗದ ಕಂಬವೋ ಕೆತ್ತನೆಯ ಬಾಗಿಲೋ ಆತ್ತಂಗುಡಿಯ ಹೂಬಳ್ಳಿಯ ಟೈಲ್ಸೋ ಇಲ್ಲದಿರುವುದು ಈಗ ಅಪರೂಪ. ಚಿತ್ರದಲ್ಲಿ ಕಂಡದ್ದನ್ನು ಅಂಗಡಿಯಿಂದ ತರಿಸಿ ಗೋಡೆಗೆ ಒರಗಿಸುವ ಕೆಲಸ ಯಾರೂ ಮಾಡಬಹುದಾದದ್ದು. ಆದರೆ ಆ ಕಂಬ ಅಲ್ಲೇಕೆ ನಿಂತಿತ್ತು, ಆ ನೆಲ ಅಷ್ಟು ತಂಪಾಗಿ ಏಕಿರುತ್ತದೆ ಎಂಬುದನ್ನು ತಿಳಿಯದೆ ಅದನ್ನು ಇನ್ನೊಬ್ಬರ ಮನೆಗೆ ಸೂಚಿಸಲು ನನಗೆ ಮನಸ್ಸು ಬರಲಿಲ್ಲ. ಹಾಗಾಗಿ ತಮಿಳುನಾಡಿನ ಕಾರೈಕುಡಿಯ ಕಡೆಗೆ ಹೋಗಿ ಆ ಮನೆಗಳನ್ನು ಒಂದೊಂದಾಗಿ ನೋಡತೊಡಗಿದೆ. ನೋಡುತ್ತ ನೋಡುತ್ತ ನನ್ನದೇ ಒಂದು ಕ್ರಮ ರೂಢಿಯಾಗಿದೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಚೆಟ್ಟಿನಾಡು ಎಂಬುದು ಶಿವಗಂಗಾ ಮತ್ತು ಪುದುಕೋಟ್ಟೈ ಜಿಲ್ಲೆಗಳಲ್ಲಿ ಹರಡಿರುವ ಎಪ್ಪತ್ತಕ್ಕೂ ಹೆಚ್ಚು ಊರುಗಳ ಪ್ರದೇಶ. ಮದುರೈನಿಂದ ಕಾರೈಕುಡಿಗೆ ಸುಮಾರು 90 ಕಿಲೋಮೀಟರ್. ನಗರತ್ತಾರ್ ಅಥವಾ ನಾಟ್ಟುಕೋಟ್ಟೈ ಚೆಟ್ಟಿಯಾರ್ ಎಂದು ಕರೆಸಿಕೊಳ್ಳುವ ವರ್ತಕ ಸಮುದಾಯ 19ನೆಯ ಶತಮಾನದಲ್ಲಿ ಬರ್ಮಾ, ಮಲಯಾ, ಸಿಲೋನ್‌ಗಳಲ್ಲಿ ಲೇವಾದೇವಿ ನಡೆಸಿ, ವಿಶೇಷವಾಗಿ ಬರ್ಮಾದ ಐರಾವತಿ ನದಿಯ ಮುಖಜ ಭೂಮಿಯಲ್ಲಿ ಭತ್ತ ಬೆಳೆಯುವವರಿಗೆ ಸಾಲ ಕೊಟ್ಟು ಗಳಿಸಿದ ಹಣವನ್ನು ಮಳೆ ಕಡಿಮೆ ಬೀಳುವ ಈ ಒಣನಾಡಿಗೆ ತಂದು ಮನೆಗಳಾಗಿ ಕಟ್ಟಿತು. ದೊಡ್ಡ ಮನೆಗಳೆಲ್ಲ ಹೆಚ್ಚುಕಡಿಮೆ 1850ರಿಂದ 1940ರ ನಡುವಿನವು. 1930ರ ದಶಕದ ಆರ್ಥಿಕ ಕುಸಿತ ಮೊದಲ ಪೆಟ್ಟು ಕೊಟ್ಟಿತು. 1942ರಲ್ಲಿ ರಂಗೂನ್ ಜಪಾನಿನ ವಶವಾದ ಮೇಲೆ ಹಣದ ಹರಿವು ನಿಂತಿತು, ಅದರೊಂದಿಗೆ ಮನೆ ಕಟ್ಟುವುದೂ ನಿಂತಿತು. 2014ರಲ್ಲಿ ಈ ಊರುಗಳ ಸಮೂಹ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದೆ.

ನಾನು ಉಳಿದುಕೊಳ್ಳುವುದು ಸಾಮಾನ್ಯವಾಗಿ ಕಾನಾಡುಕಾತ್ತಾನ್‌ನಲ್ಲಿ ಅಥವಾ ಕಾರೈಕುಡಿಯಲ್ಲಿ. ಹಳೆಯ ಮನೆಗಳನ್ನೇ ತಂಗುವ ಹೋಟೆಲ್‌ಗಳಾಗಿ ಮಾಡಿರುವವರು ಇಲ್ಲಿ ಹಲವರಿದ್ದಾರೆ. ಬಾಡಿಗೆ ಸ್ವಲ್ಪ ಜಾಸ್ತಿ ಎನಿಸಿದರೂ ಒಂದು ರಾತ್ರಿಯಾದರೂ ಅಂಥ ಮನೆಯಲ್ಲಿ ಕಳೆಯಬೇಕೆಂಬುದು ನನ್ನ ಸಲಹೆ. ಯಾಕೆಂದರೆ ಟಿಕೆಟ್ ಕೊಟ್ಟು ಅರ್ಧ ಗಂಟೆ ಸುತ್ತಿ ಬರುವಾಗ ಮನೆಯ ಅಲಂಕಾರ ಕಾಣಿಸುತ್ತದೆಯೇ ಹೊರತು ರಾತ್ರಿ ಗೋಡೆ ಎಷ್ಟು ಹೊತ್ತಿಗೆ ತಣಿಯುತ್ತದೆ, ಅಂಗಳದ ಗಾಳಿ ಯಾವ ಕಡೆಗೆ ತಿರುಗುತ್ತದೆ, ಮುಂಜಾನೆಯ ಮೊದಲ ಬೆಳಕು ಯಾವ ಕಂಬದ ಮೇಲೆ ಬೀಳುತ್ತದೆ ಎಂಬುದು ಗೊತ್ತಾಗುವುದಿಲ್ಲ.

ಮೊದಲ ದಿನ ಬೆಳಿಗ್ಗೆ ಯಾವ ಮನೆಯ ಒಳಗೂ ಹೋಗುವುದಿಲ್ಲ. ಬೀದಿಗಳಲ್ಲಿ ನಡೆಯುತ್ತೇನೆ. ಇಲ್ಲಿನ ಬೀದಿಗಳು ಅಳತೆ ಹಿಡಿದು ಗೆರೆ ಎಳೆದಂತೆ ನೇರವಾಗಿವೆ, ಒಂದೊಂದು ಮನೆಯೂ ಒಂದು ಬೀದಿಯಲ್ಲಿ ಆರಂಭವಾಗಿ ಹಿಂದಿನ ಬೀದಿಯಲ್ಲಿ ಮುಗಿಯುತ್ತದೆ. ಮುಂದಿನ ಬೀದಿಯಲ್ಲಿ ನಿಂತರೆ ಗಾರೆಯಲ್ಲಿ ಮೂಡಿಸಿದ ಗಜಲಕ್ಷ್ಮಿ, ದೇವತೆಗಳು, ಕೆಲವು ಕಡೆ ಟೋಪಿ ಹಾಕಿದ ಬ್ರಿಟಿಷ್ ಸಿಪಾಯಿಗಳು, ಕಮಾನುಗಳು, ಕೈಪಿಡಿಗೋಡೆಗಳು ಕಾಣಿಸುತ್ತವೆ. ಹಿಂದಿನ ಬೀದಿಗೆ ಹೋದರೆ ಅದೇ ಮನೆಯ ಸಾದಾ ಗೋಡೆ, ಚಿಕ್ಕದೊಂದು ಬಾಗಿಲು, ಬಾವಿ ಕಟ್ಟೆ. ಈ ಎರಡನ್ನೂ ನೋಡಿದ ಮೇಲೆ ನಡುವೆ ಎಷ್ಟು ಉದ್ದದ ಮನೆ ಇದೆ ಎಂಬುದು ಕಾಲಿಗೆ ಗೊತ್ತಾಗುತ್ತದೆ. ಕಾನಾಡುಕಾತ್ತಾನ್‌ನ ಚೆಟ್ಟಿನಾಡು ಅರಮನೆಯನ್ನು, ಅಂದರೆ ಅಣ್ಣಾಮಲೈ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದ ರಾಜಾ ಸರ್ ಅಣ್ಣಾಮಲೈ ಚೆಟ್ಟಿಯಾರರ ಮನೆತನದ ಮನೆಯನ್ನು, ಬಹುಪಾಲು ಪ್ರವಾಸಿಗರು ಹೊರಗಿನಿಂದಲೇ ನೋಡಿ ತೃಪ್ತಿಪಡಬೇಕಾಗುತ್ತದೆ. ಅದರ ಬಗ್ಗೆ ಬೇಸರ ಬೇಡ. ಅದೇ ಊರಿನಲ್ಲಿ ಸಣ್ಣ ಶುಲ್ಕ ಪಡೆದು ಒಳಗೆ ಬಿಡುವ ಮನೆಗಳಿವೆ, ಆತ್ತಂಗುಡಿಯಲ್ಲಿ ಬಣ್ಣ ಬಳಿದ ಮರದ ಒಳಚಾವಣಿಗೆ ಹೆಸರಾದ ಲಕ್ಷ್ಮಿ ಹೌಸ್ ಇದೆ.

ಒಳಗೆ ಹೋಗುವಾಗ ಅನುಸರಿಸುವ ರೀತಿಯ ಬಗ್ಗೆ ಒಂದು ಮಾತು. ಇವು ಮ್ಯೂಸಿಯಂಗಳಲ್ಲ, ಯಾರದೋ ಮನೆಗಳು. ಬಾಗಿಲು ಮುಚ್ಚಿದ್ದರೂ ಮದುವೆಗೆ, ಕುಲದೇವರ ಪೂಜೆಗೆ ಇಡೀ ಕುಟುಂಬ ಇಲ್ಲಿಗೇ ಬಂದು ಸೇರುತ್ತದೆ. ಚಪ್ಪಲಿ ಹೊರಗೆ ಬಿಡುವುದು, ದೇವರ ಕೋಣೆಯ ಕಡೆಗೆ ಕ್ಯಾಮೆರಾ ತಿರುಗಿಸದಿರುವುದು, ಟೇಪ್ ಹಿಡಿದು ಅಳೆಯುವ ಮೊದಲು ಕೇಳುವುದು, ಇಷ್ಟು ಮಾಡಿದರೆ ಅರ್ಧ ಬಾಗಿಲುಗಳು ತಾವಾಗಿ ತೆರೆದುಕೊಳ್ಳುತ್ತವೆ. ನನ್ನ ಬೆಂಗಳೂರಿನ ತಮಿಳು ಅಲ್ಲಿನವರಿಗೆ ನಗು ತರಿಸುತ್ತದೆ, ಆ ನಗುವಿನಿಂದ ನನಗೆ ಲಾಭವೇ ಆಗಿದೆ. ಮನೆ ಕಾಯುವವರನ್ನು ಅಣ್ಣಾ ಎಂದು, ಮನೆಯೊಡತಿಯಿದ್ದರೆ ಅಲ್ಲಿನ ಪದ್ಧತಿಯಂತೆ ಆಚ್ಚಿ ಎಂದು ಕರೆದು, “ಅಡುಗೆ ಮನೆ ಯಾವ ಕಡೆ, ಮೊದಲು ಅದನ್ನು ನೋಡಬಹುದೇ?” ಎಂದು ಕೇಳುತ್ತೇನೆ. ಎಲ್ಲರೂ ಮುಂದಿನ ಹಜಾರದ ಬೆಲ್ಜಿಯಂ ಕನ್ನಡಿಯ ಎದುರು ನಿಲ್ಲುವಾಗ ಒಬ್ಬರು ನೇರವಾಗಿ ಅಡುಗೆ ಮನೆ ಕೇಳಿದರೆ ಅವರಿಗೆ ವಿಚಿತ್ರವೆನಿಸುತ್ತದೆ, ಆದರೆ ಸಂತೋಷದಿಂದಲೇ ಕರೆದುಕೊಂಡು ಹೋಗುತ್ತಾರೆ.

ಹಿಂದಿನಿಂದ ನೋಡಲು ನನಗೆ ಕಾರಣವಿದೆ. ಮುಂಭಾಗವನ್ನು ಕಟ್ಟಿದ್ದು ನೋಡುವವರಿಗಾಗಿ. ಅಲ್ಲಿ ಬರ್ಮಾ ತೇಗ, ಇಟಲಿಯ ಅಮೃತಶಿಲೆ, ಯೂರೋಪಿನ ಎರಕದ ಕಬ್ಬಿಣದ ಕಟಾಂಜನ, ಗೋಡೆಯ ಕೆಳಭಾಗಕ್ಕೆ ಹೊದಿಸಿದ ಜಪಾನಿನ ಉಬ್ಬುಚಿತ್ರದ ಹೊಳೆಯುವ ಟೈಲ್ಸ್, ಎಲ್ಲವೂ ಒಟ್ಟಿಗೆ ಮೇಲೆರಗಿ ಕಣ್ಣಿಗೆ ಬಿಡುವು ಕೊಡುವುದಿಲ್ಲ. ಹಿತ್ತಿಲ ಅಂಗಳದಲ್ಲಿ ಅದಾವುದೂ ಇಲ್ಲ; ಬೀಸುವ ಕಲ್ಲು, ಒರಳು, ಸಾಲಾಗಿ ಒಲೆಗಳು, ಹೊಗೆ ಹೋಗುವ ಎತ್ತರದ ಸೂರು, ನೀರು ಸೇದಿ ತರುವ ದಾರಿ ಮಾತ್ರ. ಮನೆಯ ಲೆಕ್ಕಾಚಾರ ಅಲ್ಲಿ ಬರಿಯ ಕಣ್ಣಿಗೆ ಸಿಗುತ್ತದೆ. ಅಡುಗೆಯ ಅಂಗಳದಿಂದ ಊಟದ ಅಂಗಳಕ್ಕೆ, ಅಲ್ಲಿಂದ ವಳವು ಎಂದು ಕರೆಯುವ ಮುಖ್ಯ ಅಂಗಳಕ್ಕೆ, ಕೊನೆಗೆ ಮುಂದಿನ ಜಗಲಿಗೆ ಬರುವಾಗ ಗಂಡಸರ ವ್ಯವಹಾರದ ಜಾಗ, ಸಮಾರಂಭದ ಜಾಗ, ಮನೆಮಂದಿಯ ಜಾಗ, ಹೆಂಗಸರ ಕೆಲಸದ ಜಾಗ ಹೇಗೆ ಬೇರೆಬೇರೆಯಾಗಿ ಸರಿದು ನಿಂತಿವೆ ಎಂಬುದು ತಿಳಿಯುತ್ತದೆ. ನಮ್ಮ ಹಳೆಯ ಮೈಸೂರಿನ ತೊಟ್ಟಿ ಮನೆಯಲ್ಲಿ ಒಂದೇ ತೊಟ್ಟಿಯ ಸುತ್ತ ನಡೆಯುತ್ತಿದ್ದ ಬದುಕನ್ನು ಇಲ್ಲಿ ಮೂರು ಅಂಗಳಗಳಿಗೆ ಹಂಚಿದ್ದಾರೆ.

ಮುಖ್ಯ ಅಂಗಳದ ಎರಡೂ ಬದಿಯ ಕೋಣೆಗಳು ಮೊದಲ ಸಲ ನೋಡುವವರನ್ನು ಬೆರಗುಗೊಳಿಸುತ್ತವೆ, ಅವುಗಳ ಸಣ್ಣತನದಿಂದ. ಮದುವೆಯಾದ ಒಬ್ಬೊಬ್ಬ ಮಗನಿಗೂ ಒಂದೊಂದು ಕೋಣೆ. ಇಷ್ಟು ದೊಡ್ಡ ಮನೆಯಲ್ಲಿ ಆ ಕೋಣೆಗಳು ಇಕ್ಕಟ್ಟಾಗಿ, ಅರೆಗತ್ತಲಾಗಿ ಇವೆ. ಅವು ಹೆಚ್ಚಾಗಿ ಸಾಮಾನು ಇಡುವ ಜಾಗಗಳಾಗಿದ್ದವು. ಮದುವೆಯಲ್ಲಿ ಸೊಸೆಯ ಜೊತೆ ಬರುತ್ತಿದ್ದ ಪಾತ್ರೆ ಪರಡಿ, ಸೀರೆ, ಒಡವೆ ಎಲ್ಲವೂ ಅಲ್ಲಿ ಸೇರುತ್ತಿದ್ದವು. ಮಾತುಕತೆ, ಓದು, ಮಧ್ಯಾಹ್ನದ ನಿದ್ದೆ ಎಲ್ಲ ನಡೆಯುತ್ತಿದ್ದುದು ಹೊರಗಿನ ಕಂಬಸಾಲಿನ ನೆರಳಿನಲ್ಲಿ. ಈಗಿನ ಐಷಾರಾಮಿ ಮನೆಯಲ್ಲಿ ಐದು ಮಲಗುವ ಕೋಣೆಗೂ ಒಂದೊಂದು ಹಾಲ್‌ನಷ್ಟು ಜಾಗ ಕೊಟ್ಟು, ಎಲ್ಲರೂ ಕೂಡುವ ಜಾಗವನ್ನು ಟಿವಿಯ ಎದುರಿನ ಸೋಫಾಕ್ಕೆ ಇಳಿಸಿಬಿಟ್ಟಿದ್ದೇವೆ. ನನ್ನ ಕೆಲಸದಲ್ಲಿ ಈ ಮನೆಗಳಿಂದ ನೇರವಾಗಿ ತಂದುಕೊಂಡದ್ದು ಏನಾದರೂ ಇದ್ದರೆ ಅದು ಈ ಹಂಚಿಕೆ: ಮಲಗುವ ಕೋಣೆಗಳಿಂದ ಒಂದೆರಡು ಅಡಿ ಕಡಿಮೆ ಮಾಡಿ ಅದನ್ನೆಲ್ಲ ಒಟ್ಟುಗೂಡಿಸಿ, ಆಕಾಶ ಕಾಣುವ ನೆರಳಿನ ಜಾಗವೊಂದನ್ನು ಮನೆಯ ನಡುವೆ ಬಿಡಿಸುವುದು. ಮನೆ ಮಾಲೀಕರು ಸುಲಭವಾಗಿ ಒಪ್ಪುವುದಿಲ್ಲ. ಇಲ್ಲಿನ ಅಂಗಳವೊಂದರಲ್ಲಿ ಮಧ್ಯಾಹ್ನ ಕೂತು ಬಂದವರು ಬೇಗ ಒಪ್ಪುತ್ತಾರೆ.

ಎರಡನೆಯ ಸುತ್ತಿನಲ್ಲಿ ಮುಂಬಾಗಿಲಿಗೆ ಬರುತ್ತೇನೆ. ಹೊಸ್ತಿಲ ಒಳಗೆ ನಿಂತು ನೇರ ನೋಡಿದರೆ ಬಾಗಿಲ ಹಿಂದೆ ಬಾಗಿಲು ಒಂದೇ ಗೆರೆಯಲ್ಲಿ ಬಂದು, ನೆರಳು, ಬಿಸಿಲು, ಮತ್ತೆ ನೆರಳು, ಮತ್ತೆ ಬಿಸಿಲು ದಾಟಿ ಹಿಂದಿನ ಬೀದಿಯ ಬಾಗಿಲಿನವರೆಗೆ ನೋಟ ಹೋಗುತ್ತದೆ. ಗಾಳಿಯ ದಾರಿಯೂ ಅದೇ. ಎತ್ತರದ ಅಡಿಪಾಯದ ಮೇಲೆ ನಿಂತ ದಪ್ಪ ಗೋಡೆ, ಎತ್ತರದ ಒಳಚಾವಣಿ, ತೆರೆದ ಅಂಗಳಗಳಲ್ಲಿ ಕಾದು ಮೇಲೇರುವ ಗಾಳಿ, ಇವು ಮೂರೂ ಸೇರಿ ಏಪ್ರಿಲ್ ಬಿಸಿಲಿನಲ್ಲಿಯೂ ಒಳಗೆ ಕೂರುವಂತೆ ಮಾಡಿವೆ. ಅಂಗಳದ ನಾಲ್ಕೂ ಸೂರುಗಳು ಒಳಕ್ಕೆ ಇಳಿದಿರುವುದರಿಂದ ಮಳೆನೀರು ಅಂಗಳಕ್ಕೆ ಬೀಳುತ್ತದೆ. ಮನೆಮಂದಿ ಮೂಲೆಗಳಲ್ಲಿ ಹಂಡೆಗಳನ್ನಿಟ್ಟು ಹಿಡಿದುಕೊಂಡ ಮೇಲೆ ಉಳಿದದ್ದು ನೆಲದಡಿಯ ಕಾಲುವೆಯಲ್ಲಿ ಬೀದಿಯ ಚರಂಡಿಗೆ ಹೋಗಿ, ಅಲ್ಲಿಂದ ಊರುಣಿ ಎಂಬ ಊರಿನ ಕೆರೆಗೆ ಸೇರುವಂತೆ ಇಳಿಜಾರು ಕೊಟ್ಟಿದ್ದಾರೆ. ಮಳೆ ವಿರಳವಾದ ನಾಡಿನಲ್ಲಿ ದೊಡ್ಡ ಚಾವಣಿ ಎಂದರೆ ದೊಡ್ಡ ಜಲಾನಯನ.

ಗೋಡೆಯನ್ನು ಮುಟ್ಟಿ ನೋಡಬೇಕು. ಅನುಮತಿ ಪಡೆದು ಅಂಗೈಯ ಹಿಂಭಾಗವನ್ನು ಒತ್ತಿದರೆ ಒಳ್ಳೆಯ ಗಾರೆಯ ಗೋಡೆ ನಯಗೊಳಿಸಿದ ಕಲ್ಲಿನಂತೆ ತಣ್ಣಗೆ ತಾಗುತ್ತದೆ. ಸುಣ್ಣ ಮತ್ತು ಮರಳಿನ ಒರಟು ಪದರದ ಮೇಲೆ ಹಂತಹಂತವಾಗಿ ನುಣುಪಾದ ಪದರಗಳನ್ನು ಕೊಟ್ಟು, ಕೊನೆಯದಕ್ಕೆ ನುಣ್ಣಗೆ ಅರೆದ ಸುಣ್ಣದ ಜೊತೆ ಮೊಟ್ಟೆಯ ಬಿಳಿಭಾಗ ಬೆರೆಸಿ, ನಯವಾದ ಕಲ್ಲಿನಿಂದ ಉಜ್ಜಿ ಹೊಳಪು ತರುತ್ತಿದ್ದರು. ಅಳಲೆಕಾಯಿಯ ನೀರು, ಬೆಲ್ಲ ಬೆರೆಸುವ ರೂಢಿಯೂ ಇತ್ತು. ಈ ಗೋಡೆಗೆ ಬಣ್ಣ ಬೇಕಿಲ್ಲ. ಒಂದು ಮನೆಯಲ್ಲಿ ಇಂಥ ಗೋಡೆಯ ಮೇಲೆ ಈಚೆಗೆ ಪ್ಲಾಸ್ಟಿಕ್ ಎಮಲ್ಷನ್ ಬಳಿದಿದ್ದರು. ಸುಣ್ಣದ ಗೋಡೆ ಒಳಗಿನ ತೇವವನ್ನು ಹೊರಕ್ಕೆ ಬಿಡುತ್ತಿರಬೇಕು; ಆ ದಾರಿ ಮುಚ್ಚಿದ್ದರಿಂದ ಮೊಣಕಾಲೆತ್ತರದವರೆಗೆ ಬಣ್ಣ ಉಬ್ಬಿ, ಬೆರಳು ತಾಗಿಸಿದರೆ ಹಪ್ಪಳದಂತೆ ಮುರಿದು ಬೀಳುತ್ತಿತ್ತು. ಬಣ್ಣ ಬಳಿಯದ ಪಕ್ಕದ ಗೋಡೆಗೆ ನೂರು ವರ್ಷದಲ್ಲಿ ಒಂದು ಬಿರುಕೂ ಇರಲಿಲ್ಲ.

ಕಡೆಯ ದಿನ ಆತ್ತಂಗುಡಿಗೆ, ಟೈಲ್ಸ್ ಮಾಡುವ ಕೊಟ್ಟಿಗೆಗಳಿಗೆ ಹೋಗುತ್ತೇನೆ. ನೆಲದ ಸೊಬಗನ್ನು ಮನೆಯಲ್ಲಿ ನೋಡಿ, ಅದೇ ಊರಿನಲ್ಲಿ ಅದರ ಹುಟ್ಟನ್ನೂ ನೋಡುವ ಅವಕಾಶ ಎಲ್ಲ ಕಡೆಯೂ ಸಿಗುವುದಿಲ್ಲ. ಕೆಲಸಗಾರರು ಚೌಕಟ್ಟಿನೊಳಗೆ ಒಂದು ಗಾಜಿನ ತುಂಡನ್ನು ಇಟ್ಟು, ಅದರ ಮೇಲೆ ಹೂವಿನ ಗೆರೆಗಳಿರುವ ಲೋಹದ ಅಚ್ಚನ್ನು ಕೂರಿಸಿ, ಒಂದೊಂದು ಅರೆಗೂ ಒಂದೊಂದು ಬಣ್ಣದ ಸಿಮೆಂಟ್ ಹಾಲನ್ನು ಸಣ್ಣ ಸೌಟಿನಿಂದ ಸುರಿಯುತ್ತಾರೆ. ಆಮೇಲೆ ಅಚ್ಚನ್ನು ಅಲುಗಾಡಿಸದೆ ನೇರ ಮೇಲಕ್ಕೆ ಎತ್ತುತ್ತಾರೆ. ಆ ಕ್ಷಣದಲ್ಲಿ ಬಣ್ಣಗಳು ಒಂದಕ್ಕೊಂದು ತಾಗಿಯೂ ಕಲೆಯದೆ ನಿಲ್ಲುತ್ತವೆ. ಆ ಗೆರೆಯಲ್ಲಿ ಒಂದು ಕೂದಲಿನಷ್ಟು ನಡುಕ ಉಳಿಯುತ್ತದೆ, ಕೈಯಲ್ಲಿ ಮಾಡಿದ ಟೈಲ್ಸ್ ಎಂದು ಗುರುತಿಸುವುದು ಆ ನಡುಕದಿಂದಲೇ. ಮೇಲೆ ಒಣ ಸಿಮೆಂಟ್ ಮರಳು ಉದುರಿಸಿ, ಹಸಿ ಗಾರೆ ತುಂಬಿ ಸಮ ಮಾಡಿ, ಗಟ್ಟಿಯಾದ ಮೇಲೆ ನೀರಿನ ತೊಟ್ಟಿಯಲ್ಲಿ ಕೆಲವು ದಿನ ನೆನೆಹಾಕುತ್ತಾರೆ. ಬೆಂಕಿಯ ಕೆಲಸ ಎಲ್ಲಿಯೂ ಇಲ್ಲ. ಒಣಗಿದ ಮೇಲೆ ಗಾಜು ಕಳಚಿಕೊಳ್ಳುತ್ತದೆ, ಗಾಜಿನ ನುಣುಪು ಟೈಲ್ಸ್‌ಗೆ ಬಂದಿರುತ್ತದೆ.

ಇವನ್ನು ಬೆಂಗಳೂರಿನ ಮನೆಗಳಿಗೆ ತರಿಸುವಾಗ ನಾನು ಪಾಲಿಸುವ ಕೆಲವು ನಿಯಮಗಳಿವೆ. ಒಂದು ಮನೆಗೆ ಬೇಕಾದದ್ದೆಲ್ಲವನ್ನೂ ಒಂದೇ ಸಲ, ಒಂದೇ ಬಣ್ಣದ ಕಲಸಿನಿಂದ ಮಾಡಿಸಬೇಕು, ಒಡಕಿಗೆಂದು ಸ್ವಲ್ಪ ಹೆಚ್ಚಾಗಿಯೇ ತರಿಸಬೇಕು. ಮುಂದಿನ ವರ್ಷ ಅದೇ ಕೆಂಪು ಸಿಗುತ್ತದೆ ಎಂದು ನಂಬುವಂತಿಲ್ಲ. ಹಾಸುವಾಗ ಸಂದು ಆದಷ್ಟು ಕಿರಿದಾಗಿರಬೇಕು. ಹಾಸಿದ ಮೇಲೆ ಸಿಮೆಂಟ್ ಕಲೆ ತೆಗೆಯಲು ನಮ್ಮ ಕೆಲಸದವರು ಅಭ್ಯಾಸಬಲದಿಂದ ಆಸಿಡ್ ಬಾಟಲಿಗೆ ಕೈ ಹಾಕುತ್ತಾರೆ, ಅದನ್ನು ತಡೆಯಲು ನಾನು ಅಂದು ಸ್ವತಃ ಸೈಟ್‌ನಲ್ಲಿ ಇರುತ್ತೇನೆ. ಆಸಿಡ್ ಬಿದ್ದರೆ ಮೇಲಿನ ಬಣ್ಣದ ಪದರವೇ ತಿಂದುಹೋಗುತ್ತದೆ. ಅಡುಗೆ ಮನೆಗೆ ಇದನ್ನು ಹಾಕಬೇಡಿ ಎನ್ನುತ್ತೇನೆ, ನಿಂಬೆ ಹುಳಿ, ಹುಣಸೆ ಹುಳಿ ಬಿದ್ದ ಕಡೆಯೆಲ್ಲ ಮಚ್ಚೆ ಉಳಿಯುತ್ತದೆ. ಓಡಾಟವಿರುವ ಹಜಾರ, ಜಗಲಿ, ಪಡಸಾಲೆಗೆ ಇದು ಹೇಳಿ ಮಾಡಿಸಿದ್ದು. ನಡೆದಷ್ಟೂ, ಒರೆಸಿದಷ್ಟೂ ಹೊಳಪು ಏರುತ್ತದೆ.

ಕಾರೈಕುಡಿಯ ಮುನೀಶ್ವರನ್ ಕೋಯಿಲ್ ಬೀದಿಯ ಹಳೆಯ ಸಾಮಾನಿನ ಅಂಗಡಿಗಳ ಬಗ್ಗೆ ನನ್ನ ಗ್ರಾಹಕರು ತಪ್ಪದೆ ಕೇಳುತ್ತಾರೆ. ಎನಾಮಲ್ ಡಬ್ಬಿಗಳು, ಚಿತ್ರಪಟಗಳು, ಹಿತ್ತಾಳೆ ಪಾತ್ರೆಗಳನ್ನು ಅಲ್ಲಿ ಧಾರಾಳವಾಗಿ ಕೊಳ್ಳಬಹುದು. ಕಂಬ ಮತ್ತು ಬಾಗಿಲುವಾಡದ ವಿಷಯದಲ್ಲಿ ನಾನು ಹಿಂಜರಿಯುತ್ತೇನೆ. ಒಂದೊಂದು ಮನೆಗೂ ಹತ್ತಾರು ವಾರಸುದಾರರಿದ್ದು, ಯಾರೂ ಒಬ್ಬರೇ ದುರಸ್ತಿಯ ಖರ್ಚು ಹೊರಲಾಗದೆ, ಕೊನೆಗೆ ಮನೆಯನ್ನು ಕಳಚಿ ಮಾರುವ ಹಂತಕ್ಕೆ ಬಂದಾಗ ಈ ಕಂಬಗಳು ಬೀದಿಗೆ ಬರುತ್ತವೆ. ಬೇಡಿಕೆ ಹೆಚ್ಚಿದಂತೆ ಕಳಚುವ ಆತುರವೂ ಹೆಚ್ಚುತ್ತದೆ ಎಂಬುದು ನನ್ನ ಆತಂಕ. ಶ್ರೀಲಂಕಾದ ವಾಸ್ತುಶಿಲ್ಪಿ ಜೆಫ್ರಿ ಬಾವಾ ಕೊಲಂಬೊದ ತಮ್ಮ ಮನೆಯಲ್ಲಿ ಚೆಟ್ಟಿನಾಡಿನ ಕಂಬಗಳನ್ನು ಬಳಸಿದ್ದಾರೆ, ಅಲ್ಲಿ ಅವು ಸಣ್ಣ ಅಂಗಳದ ಬೆಳಕಿನೊಡನೆ ಬೆರೆತು ಹೊಸ ಕೆಲಸಕ್ಕೆ ನಿಂತಿವೆ. ಜಿಪ್ಸಂ ಫಾಲ್ಸ್ ಸೀಲಿಂಗ್‌ಗೆ ತಲೆ ತಾಗಿಸಿ, ಯಾವ ಭಾರವನ್ನೂ ಹೊರದೆ, ಸೋಫಾದ ಪಕ್ಕ ನಿಲ್ಲಿಸಲು ಕಂಬ ಬೇಕು ಎನ್ನುವವರಿಗೆ ನಾನು ಹುಡುಕಿಕೊಡುವುದಿಲ್ಲ. ಅಂಗಳ ಬಿಟ್ಟು, ಸೂರು ಹೊರಿಸಿ ಕಟ್ಟುತ್ತೇನೆ ಎನ್ನುವವರ ಜೊತೆ ಅಂಗಡಿಗೆ ಹೋಗಿ, ಕಂಬದ ಬುಡವನ್ನು ಉಳಿಯಿಂದ ತಟ್ಟಿ ಗೆದ್ದಲಿನ ಟೊಳ್ಳು ಸದ್ದು ಬರುತ್ತದೆಯೇ ಎಂದು ಕೇಳಿಸಿಕೊಂಡು, ಕಂಬದ ತಲೆಯ ಮೇಲೆ ಕೂರುವ ಬೋದಿಗೆ ಮತ್ತು ಕಲ್ಲಿನ ಪೀಠ ಅದೇ ಕಂಬದವೇ ಎಂದು ಹೊಂದಿಸಿ ನೋಡಿದ ಮೇಲೆಯೇ ಚೌಕಾಸಿಗೆ ಕೂರುತ್ತೇನೆ.