ಶಾಸ್ತಾ ಬೋಳಾಯಿತು: ಬಿಸಿಲೋ, ಒಳಗಿನ ಕಾವೋ?

ಉಪಗ್ರಹ ಚಿತ್ರಗಳನ್ನು ಕೆದಕುವುದು ನನ್ನ ಹಳೆಯ ಚಟ. 2021ರ ಆಗಸ್ಟ್ ಕೊನೆಯ ಚಿತ್ರಗಳಲ್ಲಿ ಕ್ಯಾಲಿಫೋರ್ನಿಯಾದ ಶಾಸ್ತಾ ಪರ್ವತ ಗುರುತೇ ಸಿಗದಷ್ಟು ಬೋಳಾಗಿತ್ತು. 4,322 ಮೀಟರ್ ಎತ್ತರದ ಜ್ವಾಲಾಮುಖಿಯ ಮೈಮೇಲೆ ಹಿಮನದಿಗಳ ಕೊಳಕು ಬಿಳುಪು ಬಿಟ್ಟರೆ ಉಳಿದದ್ದೆಲ್ಲ ಕಂದು ಕಲ್ಲು.

ಒಳಗಿನಿಂದ ಕಾವು ಏರುತ್ತಿದೆಯೇ ಎಂಬ ಅನುಮಾನ ಸುಮ್ಮನೆ ಬರುವುದಲ್ಲ. ಶಾಸ್ತಾದ ತುದಿಯ ಹತ್ತಿರ ಬಿಸಿ ಆವಿ ಉಗುಳುವ ಜಾಗವಿದೆ. 1875ರಲ್ಲಿ ಹಿಮಗಾಳಿಗೆ ಸಿಕ್ಕ ನಿಸರ್ಗಪ್ರೇಮಿ ಬರಹಗಾರ ಜಾನ್ ಮ್ಯೂರ್ ಕೆಳಗೆ ಬೇಯುತ್ತ, ಮೇಲೆ ಸೆಡೆಯುತ್ತ ಅಲ್ಲೇ ರಾತ್ರಿ ಕಳೆದು ಬದುಕಿಕೊಂಡ. ಅಲಾಸ್ಕಾದ ರಿಡೌಟ್ ಜ್ವಾಲಾಮುಖಿ 2009ರ ಮಾರ್ಚ್‌ನಲ್ಲಿ ಸಿಡಿಯುವುದಕ್ಕೆ ತಿಂಗಳುಗಳ ಮೊದಲೇ ಅದರ ಹಿಮನದಿಯಲ್ಲಿ ಕರಗಿದ ಗುಂಡಿಗಳು ಕಂಡಿದ್ದವು. ಅಲ್ಲಿಯದೇ ಸ್ಪರ್ ಪರ್ವತದ ನೆತ್ತಿಯಲ್ಲೂ 2004ರಲ್ಲಿ ಮಂಜು ಕುಸಿದು, ಹೊಂಡದ ತಳದಲ್ಲಿ ನೀರು ನಿಂತಿತ್ತು. ಆ ಸಲ ಸ್ಫೋಟವಾಗಲಿಲ್ಲ.

ನಾನು ನೋಡಿದ್ದು ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳನ್ನು. ಉಚಿತವಾಗಿ ಸಿಗುತ್ತವೆ, ಮೋಡವಿಲ್ಲದಿದ್ದರೆ ಐದು ದಿನಕ್ಕೊಂದು. ಆ ವರ್ಷ ಕಾಡ್ಗಿಚ್ಚಿನ ಹೊಗೆಯ ಕಾಟ ಬೇರೆ. ಮಾಮೂಲಿ ಬಣ್ಣದಲ್ಲಿ ಹೊಗೆ ಆವಿಯಂತೆಯೇ ಕಾಣುತ್ತದೆ, ಕಣ್ಣು ಸುಲಭವಾಗಿ ಏಮಾರುತ್ತದೆ. ಕಣ್ಣಿಗೆ ಕಾಣದ ಅವಗೆಂಪು (ಇನ್ಫ್ರಾರೆಡ್) ಬೆಳಕಿನ ಪಟ್ಟಿಗಳನ್ನು ಸೇರಿಸಿ ನೋಡಿದರೆ ತೆಳುಹೊಗೆ ಬಹುಪಾಲು ಮರೆಯಾಗಿ, ಹಿಮ ನೀಲಿಯಾಗಿ ಎದ್ದು ಕಾಣುತ್ತದೆ. ಹಿಂದಿನ ವರ್ಷಗಳ ಚಿತ್ರಗಳನ್ನೂ ಅದೇ ಸಮಯದವನ್ನೇ ತೆಗೆದೆ: ಆಗಸ್ಟ್ ಕೊನೆ, ಹೊಸ ಹಿಮ ಬೀಳುವ ಮುಂಚೆ. ಜುಲೈ ಚಿತ್ರದ ಪಕ್ಕ ಸೆಪ್ಟೆಂಬರ್ ಚಿತ್ರ ಇಟ್ಟು ಗಾಬರಿ ಹುಟ್ಟಿಸುವವರನ್ನು ಬೇಕಾದಷ್ಟು ನೋಡಿದ್ದೇನೆ.

ಹಿಮ ಎಷ್ಟು ಹೋಯಿತು ಅನ್ನುವುದಕ್ಕಿಂತ ಯಾವ ಆಕಾರದಲ್ಲಿ ಹೋಯಿತು ಅನ್ನುವುದೇ ಹೆಚ್ಚು ಹೇಳುತ್ತದೆ. ಬಿಸಿಲು ಕೆಳಗಿನಿಂದ ಮೇಲಕ್ಕೆ ತಿನ್ನುತ್ತದೆ, ದಕ್ಷಿಣದ ಇಳಿಜಾರನ್ನು ಮೊದಲು. ಒಳಗಿನ ಕಾವಿಗೆ ಎತ್ತರದ ಲೆಕ್ಕವಿಲ್ಲ. ಸುತ್ತ ದಪ್ಪ ಮಂಜಿದ್ದರೂ ನಡುವೆ ದುಂಡಗೆ ತೂತು ಕೊರೆಯುತ್ತದೆ. ಶಾಸ್ತಾದಲ್ಲಿ ಹೊಸ ತೂತು ಕಾಣಲಿಲ್ಲ. ಉಳಿದ ಮಂಜೆಲ್ಲ ಹೆಚ್ಚುಕಮ್ಮಿ ಉತ್ತರ, ಪೂರ್ವದ ಮಗ್ಗುಲಲ್ಲೇ ಇತ್ತು.

ಆಮೇಲೆ ನೆರೆಹೊರೆಯ ಬೆಟ್ಟಗಳನ್ನು ನೋಡಿದೆ. ಆಗ್ನೇಯದ ಲ್ಯಾಸೆನ್ ಕೂಡ ಬೋಳು. ಆದರೆ ಅದೂ ಜ್ವಾಲಾಮುಖಿಯೇ ಆದ್ದರಿಂದ ಆ ಸಾಕ್ಷಿ ಸಾಲದು. ಪಶ್ಚಿಮದ ಟ್ರಿನಿಟಿ ಆಲ್ಪ್ಸ್ ಗ್ರಾನೈಟಿನ ಸಾಲು, ಅಲ್ಲಿ ಜ್ವಾಲಾಮುಖಿಯ ಮಾತೇ ಇಲ್ಲ. ಅಲ್ಲೂ ಹಿಮದ ತೇಪೆಗಳು ಅಳಿಸಿಹೋಗಿದ್ದವು. ಅದನ್ನು ನೋಡಿದ ಮೇಲೆ ನನಗೆ ಅನುಮಾನ ಉಳಿಯಲಿಲ್ಲ. ಬರದ ಚಳಿಗಾಲ, ಅದರ ಬೆನ್ನಿಗೆ ಕ್ಯಾಲಿಫೋರ್ನಿಯಾ ಅಲ್ಲಿಯವರೆಗೆ ದಾಖಲಿಸಿದ್ದರಲ್ಲೇ ಅತಿ ಬಿಸಿಯಾದ ಬೇಸಿಗೆ. ಅಮೆರಿಕದ ಭೂವಿಜ್ಞಾನ ಇಲಾಖೆಯೂ ಶಾಸ್ತಾಕ್ಕೆ ಹಸಿರು ಸಂಕೇತವನ್ನೇ, ಅಂದರೆ ಎಲ್ಲ ಮಾಮೂಲಿಯಾಗಿದೆ ಎಂಬ ಗುರುತನ್ನೇ, ಇಟ್ಟಿತ್ತು.

ಚಳಿಗಾಲದ ಚಿತ್ರಗಳನ್ನೂ ಬಿಡಲಿಲ್ಲ. ಹೊಸ ಹಿಮ ಬಿದ್ದ ಮೇಲೂ ಒಂದೇ ಜಾಗ ಮತ್ತೆ ಮತ್ತೆ ಬರಿದಾಗಿ ಕಂಡಿದ್ದರೆ, ಅದೂ ಗಾಳಿ ಗುಡಿಸಿಹಾಕುವ ಏಣಿನ ಮೇಲಲ್ಲದೆ ತಗ್ಗಿನಲ್ಲಿ ಕಂಡಿದ್ದರೆ, ಜ್ವಾಲಾಮುಖಿ ವೀಕ್ಷಣಾಲಯಕ್ಕೆ ಪತ್ರ ಬರೆಯುತ್ತಿದ್ದೆ. ಬರೆಯುವ ಪ್ರಸಂಗ ಬರಲಿಲ್ಲ.