ಹಳೆಯ ಕಾರಿನ ‘ಟಕ್ ಟಕ್’: ಬಂದು ಹೋಗುವ ಸದ್ದನ್ನು ಹಿಡಿಯುವುದು ಹೇಗೆ?

ಗ್ಯಾರೇಜಿಗೆ ಒಯ್ದ ಕೂಡಲೇ ಮಾಯವಾಗುವ ಸದ್ದು ಹಳೆಯ ಕಾರು ಇಟ್ಟುಕೊಂಡವರಿಗೆಲ್ಲ ಗೊತ್ತು. ಮನೆಯಿಂದ ಹೊರಟಾಗ ‘ಟಕ್ ಟಕ್’ ಎನ್ನುತ್ತದೆ. ಮೆಕ್ಯಾನಿಕ್ ಪಕ್ಕದಲ್ಲಿ ಕೂತು ಒಂದು ಸುತ್ತು ಹೋಗಿ ಬಂದರೆ ಗಪ್‌ಚುಪ್. ‘ಏನೂ ಇಲ್ಲ ಸರ್’ ಎಂದು ಅವರು ಇಳಿಯುತ್ತಾರೆ. ವಾಪಸ್ ಬರುವಾಗ ನಮ್ಮ ಬೀದಿಯ ತಿರುವಿನಲ್ಲೇ ಮತ್ತೆ ‘ಟಕ್’.

ನಮ್ಮ ಮನೆಯಲ್ಲಿರುವುದು 2009ರ ಸಣ್ಣ ಪೆಟ್ರೋಲ್ ಕಾರು. ಶಿವಮೊಗ್ಗದಲ್ಲಿ ಒಂದು ಚಳಿಗಾಲ ಅದರ ಮುಂದಿನ ಎಡಗಡೆಯಿಂದ ಇಂಥದ್ದೇ ಸದ್ದು ಶುರುವಾಯಿತು. ಎರಡೂ ಮುಂದಿನ ಶಾಕ್ ಅಬ್ಸಾರ್ಬರ್ ಬದಲಾಯಿಸಿದೆವು. ಹೋಗಲಿಲ್ಲ. ಎಡಗಡೆಯ ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಕಾರಿಗೆ ಜೋಡಿಸುವ ತೋಳು) ಹೊಸದು ಹಾಕಿಸಿದೆವು. ಆಗಲೂ ಹೋಗಲಿಲ್ಲ. ಎರಡು ತಿಂಗಳಾದ ಮೇಲೆ ಸಿಕ್ಕಿದ್ದು ಲಿಂಕ್ ರಾಡ್ ಎಂಬ ಬೆರಳು ದಪ್ಪದ ಒಂದು ಸರಳು. ಬೆಲೆ ಸಾವಿರ ರೂಪಾಯಿಯೊಳಗೆ.

ಅಷ್ಟು ದಿನ ನಾನು ‘ಸದ್ದು ಎಲ್ಲಿಂದ ಬರುತ್ತಿದೆ’ ಎಂದು ಹುಡುಕುತ್ತಿದ್ದೆ. ‘ಯಾವಾಗ ಬರುತ್ತದೆ’ ಎಂದು ಮೊದಲು ಹುಡುಕಬೇಕಿತ್ತು. ಬೇಕೆಂದಾಗ ಸದ್ದು ಬರಿಸಲು, ಬೇಡವೆಂದಾಗ ನಿಲ್ಲಿಸಲು ನಿಮಗೆ ಬಂದರೆ ಅರ್ಧ ರಿಪೇರಿ ಆದಂತೆಯೇ. ಅಲ್ಲಿಯವರೆಗೆ ಒಂದು ಪಾರ್ಟನ್ನೂ ಬದಲಾಯಿಸಬೇಡಿ.

ಮೊದಲು ಇವೆರಡನ್ನು ನೋಡಿ

ಸದ್ದು ಕೇಳಿದ ದಿನವೇ ನಾಲ್ಕೂ ಚಕ್ರಗಳ ನಟ್‌ಗಳನ್ನು ವೀಲ್ ಸ್ಪ್ಯಾನರ್ ಹಾಕಿ ನೋಡಿ. ಇತ್ತೀಚೆಗೆ ಪಂಕ್ಚರ್ ಹಾಕಿಸಿದ್ದರೆ, ಟೈರ್ ಬದಲಾಯಿಸಿದ್ದರೆ ಇದನ್ನು ನಾಳೆಗೆ ಬಿಡಲೇಬೇಡಿ. ಸಡಿಲ ನಟ್ ಕೂಡ ‘ಟಕ್ ಟಕ್’ ಎಂದೇ ಶುರುವಾಗುವುದು. ನಿಧಾನ ಹೋಗುವಾಗ ಕೇಳಿಸುತ್ತದೆ, ವೇಗ ಹೆಚ್ಚಾದರೆ ಗಾಳಿಯ ಸದ್ದಿನಲ್ಲಿ ಮುಚ್ಚಿಹೋಗುತ್ತದೆ. ಕೊನೆಗೆ ಚಕ್ರವೇ ಕಳಚಬಹುದು.

ಎರಡನೆಯದು ಎಂಜಿನ್ನಿನೊಳಗಿನ ಆಳವಾದ ‘ದಬ್ ದಬ್’. ಕಾರು ನಿಂತಿದ್ದರೂ ಬರುತ್ತಿದೆ, ಆಕ್ಸಿಲರೇಟರ್ ಒತ್ತಿದಷ್ಟೂ ಬೇಗ ಬೇಗ ಬರುತ್ತಿದೆ ಎಂದರೆ ಎಂಜಿನ್ ಆಫ್ ಮಾಡಿ ಆಯಿಲ್ ಮಟ್ಟ ನೋಡಿ. ಜೊತೆಗೆ ಆಯಿಲ್ ದೀಪವೂ ಹತ್ತಿದ್ದರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಕನೆಕ್ಟಿಂಗ್ ರಾಡ್ ಬೇರಿಂಗ್ ಸವೆದಿರಬಹುದು. ಆ ಸ್ಥಿತಿಯಲ್ಲಿ ‘ಮನೆವರೆಗೆ ಹೋಗಿಬಿಡೋಣ’ ಎಂದು ಓಡಿಸಿದರೆ ಎಂಜಿನ್ ಪೂರ್ತಿ ಹಾಳಾಗಬಹುದು. ಟೋ ಮಾಡಿಸಿ.

ಇವೆರಡೂ ಅಲ್ಲದಿದ್ದರೆ ನಿಧಾನಕ್ಕೆ ಹುಡುಕೋಣ.

ಕಾರು ಖಾಲಿ ಮಾಡಿ

ಸುಮ್ನೆ ಹೇಳುತ್ತಿಲ್ಲ, ನಿಜಕ್ಕೂ ಪೂರ್ತಿ ಖಾಲಿ ಮಾಡಿ. ಡಿಕ್ಕಿಯ ಸ್ಟೆಪ್ನಿ, ಜಾಕ್, ಟೂಲ್ ಚೀಲ, ಸೀಟಿನಡಿಯ ನೀರಿನ ಬಾಟಲಿ, ಬಾಗಿಲಿನ ಜೇಬಿನಲ್ಲಿರುವ ಚಿಲ್ಲರೆ, ಹಿಂದಿನ ಪಾರ್ಸೆಲ್ ಟ್ರೇ. ಹಿಂದಿನ ಸೀಟ್ ಬೆಲ್ಟ್‌ಗಳನ್ನು ಹಾಕಿಬಿಡಿ. ಬಾನೆಟ್ ತೆಗೆದು ಬ್ಯಾಟರಿ ಅಲ್ಲಾಡಿಸಿ ನೋಡಿ. ಅದನ್ನು ಹಿಡಿದಿರುವ ಪಟ್ಟಿ ಸಡಿಲವಾದರೂ ಗುಂಡಿ ಸಿಕ್ಕಾಗಲೆಲ್ಲ ಕುಟ್ಟುತ್ತದೆ. ಖಾಲಿ ಕಾರನ್ನು ಅದೇ ರಸ್ತೆಯಲ್ಲಿ ಓಡಿಸಿ. ಸದ್ದು ಹೋಗಿದ್ದರೆ ವಸ್ತುಗಳನ್ನು ಒಂದೊಂದಾಗಿ ವಾಪಸ್ ಇಡುತ್ತಾ ಬನ್ನಿ.

ಒಂದು ನೋಟ್‌ಬುಕ್, ಒಂದು ಜೊತೆ ಕಿವಿ

ಒಂದು ವಾರ ಬರೆದಿಡಿ. ಸದ್ದು ಬಂದಾಗ ವೇಗ ಎಷ್ಟಿತ್ತು, ಯಾವ ಗೇರ್, ಎಂಜಿನ್ ತಣ್ಣಗಿತ್ತಾ ಬಿಸಿಯಿತ್ತಾ, ರಸ್ತೆ ಹೇಗಿತ್ತು, ತಿರುವಿತ್ತಾ, ಬ್ರೇಕ್ ಒತ್ತಿದ್ದಿರಾ, ಕಾರಿನಲ್ಲಿ ಎಷ್ಟು ಜನ ಇದ್ದರು. ಸದ್ದು ಬಾರದ ದಿನದ್ದನ್ನೂ ಬರೆಯಿರಿ. ಅದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಓಡಿಸುವವರೇ ಕೇಳಿಸಿಕೊಳ್ಳುವುದು ಕಷ್ಟ, ಅಪಾಯವೂ ಹೌದು. ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ನಾನು ಮಗಳನ್ನು ಮೊದಲು ಮುಂದೆ, ಆಮೇಲೆ ಹಿಂದೆ ಕೂರಿಸಿದೆ. ಕಿಟಕಿ ಇಳಿಸಿ, ರೇಡಿಯೊ, ಫ್ಯಾನ್ ಆರಿಸಿ, ಕಾಂಪೌಂಡ್ ಗೋಡೆಯ ಪಕ್ಕ ನಿಧಾನಕ್ಕೆ ಓಡಿಸಿದರೆ ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತದೆ, ಸ್ಪಷ್ಟವಾಗಿ ಕೇಳಿಸುತ್ತದೆ. ಕಾರಿನ ತಗಡು ಸದ್ದನ್ನು ಎಲ್ಲೆಲ್ಲಿಗೋ ಒಯ್ಯುತ್ತದೆ. ಬಲಗಡೆಯ ಸದ್ದು ಎಡಗಡೆ ಕೇಳಿಸುವುದು ಮಾಮೂಲು. ಆದ್ದರಿಂದ ‘ಇಲ್ಲಿಂದಲೇ’ ಎಂದು ಬೇಗ ತೀರ್ಮಾನಿಸಬೇಡಿ.

ಸದ್ದಿಗೆ ಕನ್ನಡದಲ್ಲೇ ಹೆಸರು ಇಡಿ. ಲೊಟಲೊಟ, ಕಟಕಟ, ಗಡಗಡ, ಟಣ್, ದಬ್, ಕಿರ್. ನಮ್ಮ ಭಾಷೆಯಲ್ಲಿ ಇಷ್ಟೊಂದು ಪದಗಳಿರುವುದು ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಮೆಕ್ಯಾನಿಕ್ ಹತ್ತಿರ ‘ಏನೋ ಸದ್ದು’ ಎನ್ನುವುದಕ್ಕಿಂತ ‘ಗುಂಡಿಯಲ್ಲಿ ಎಡಚಕ್ರ ಇಳಿದಾಗ ಒಂದೇ ಒಂದು ಟಕ್’ ಎಂದರೆ ಅವರ ಕೈ ಸೀದಾ ಸರಿಯಾದ ಜಾಗಕ್ಕೆ ಹೋಗುತ್ತದೆ.

ನಾನು ತಪ್ಪಿದ್ದು ಎಲ್ಲಿ?

ನನ್ನ ನೋಟ್‌ಬುಕ್ಕಿನಲ್ಲಿ ಒಂದು ವಿಷಯ ಎದ್ದು ಕಾಣುತ್ತಿತ್ತು. ಬೆಳಿಗ್ಗೆ ಮನೆ ಬಿಟ್ಟು ಮೊದಲ ಹದಿನೈದು ನಿಮಿಷ ಸದ್ದು. ತೀರ್ಥಹಳ್ಳಿ ರಸ್ತೆ ಹಿಡಿದು ಸಕ್ರೆಬೈಲು ದಾಟುವಷ್ಟರಲ್ಲಿ ಇಲ್ಲ. ಚಳಿಗೆ ಲೋವರ್ ಆರ್ಮ್‌ನ ರಬ್ಬರ್ ಬುಷ್ (ಕೀಲಿನಲ್ಲಿ ಕೂರುವ ರಬ್ಬರ್ ಉಂಗುರ) ಗಟ್ಟಿಯಾಗಿ ಸದ್ದು ಬರುತ್ತಿದೆ, ಬಿಸಿಯಾದ ಮೇಲೆ ಹೋಗುತ್ತಿದೆ ಎಂದುಕೊಂಡೆ. ಲೋವರ್ ಆರ್ಮ್ ಬದಲಾಯಿಸಿದ್ದು ಈ ನಂಬಿಕೆಯ ಮೇಲೆಯೇ.

ಆದರೆ ಆ ಹದಿನೈದು ನಿಮಿಷದಲ್ಲಿ ಕಾರು ತಣ್ಣಗಿತ್ತು ಮಾತ್ರವಲ್ಲ, ನಮ್ಮ ಬಡಾವಣೆಯ ಗುಂಡಿ ರಸ್ತೆಯಲ್ಲೂ ಇತ್ತು. ಎರಡೂ ಒಟ್ಟಿಗೇ ಆಗುತ್ತಿದ್ದವು. ಯಾವುದು ಕಾರಣ ಎಂದು ತಿಳಿಯಲು ಅವೆರಡನ್ನು ಬೇರೆ ಮಾಡಬೇಕು, ಅಲ್ವಾ? ಒಂದು ಭಾನುವಾರ ಅದನ್ನೇ ಮಾಡಿದೆ. ಸಕ್ರೆಬೈಲಿನವರೆಗೆ ಹೋಗಿ ಬಂದು, ಕಾರು ಚೆನ್ನಾಗಿ ಬಿಸಿ ಇರುವಾಗಲೇ ಅದೇ ಬೀದಿಗೆ ನುಗ್ಗಿಸಿದೆ. ‘ಅಪ್ಪಾ, ಬಂತು!’ ಎಂದಳು ಮಗಳು. ಚಳಿಗೂ ಸದ್ದಿಗೂ ಸಂಬಂಧ ಇರಲಿಲ್ಲ. ಇದ್ದದ್ದು ರಸ್ತೆಗೆ.

ಹೀಗೆ ಒಂದು ಸಲಕ್ಕೆ ಒಂದೇ ವಿಷಯ ಬದಲಾಯಿಸಿ. ವೇಗ ಬದಲಾಯಿಸುವಾಗ ರಸ್ತೆ ಅದೇ ಇರಲಿ. ರಸ್ತೆ ಬದಲಾಯಿಸುವಾಗ ವೇಗ ಅದೇ ಇರಲಿ.

ಎಂಜಿನ್ನಾ, ಚಕ್ರವಾ, ರಸ್ತೆಯಾ?

ಕಾರು ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಕೊಡಿ. ಸದ್ದು ಬಂದರೆ ಎಂಜಿನ್ ಕಡೆ ನೋಡಿ. ಬರಲಿಲ್ಲ ಎಂದರೆ ಖಾಲಿ ಸಮತಟ್ಟು ರಸ್ತೆಯಲ್ಲಿ ಗಂಟೆಗೆ 10 ಕಿ.ಮೀ. ವೇಗದಲ್ಲಿ ಹೋಗುತ್ತಾ ಎಣಿಸಿ. 155/80 ಆರ್13 ಅಳತೆಯ ಟೈರ್ ಒಂದು ಸುತ್ತಿಗೆ ಸುಮಾರು 1.8 ಮೀಟರ್ ಮುಂದೆ ಹೋಗುತ್ತದೆ. ಅಂದರೆ ಈ ವೇಗದಲ್ಲಿ 10 ಸೆಕೆಂಡಿಗೆ ಸುಮಾರು 15 ಸುತ್ತು. ನಿಮಗೂ 15ರ ಹತ್ತಿರ ಎಣಿಕೆ ಸಿಕ್ಕಿದರೆ ಸದ್ದು ಚಕ್ರದ ಜೊತೆ ತಿರುಗುತ್ತಿದೆ. ಟೈರಿನಲ್ಲಿ ಕಲ್ಲು ಸಿಕ್ಕಿರಬಹುದು, ಮೊಳೆ ಇರಬಹುದು, ಟೈರ್ ಉಬ್ಬಿರಬಹುದು, ವೀಲ್ ಕ್ಯಾಪ್ ಸಡಿಲವಿರಬಹುದು. ಎಂಜಿನ್ ಹಾಗಲ್ಲ. ನಿಮಿಷಕ್ಕೆ 800 ಸುತ್ತಿನ ಐಡ್ಲಿಂಗ್‌ನಲ್ಲೂ ಸೆಕೆಂಡಿಗೆ 13 ಸುತ್ತು ದಾಟುತ್ತದೆ, ಎಣಿಸಲು ಆಗುವುದಿಲ್ಲ.

ಸ್ಟೀರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ, ಬಯಲಿನಲ್ಲಿ ನಿಧಾನಕ್ಕೆ ಸುತ್ತು ಹಾಕಿ. ‘ಕಟ್ ಕಟ್ ಕಟ್’ ಬಂದರೆ ಆಕ್ಸಲ್‌ನ ಹೊರಗಿನ ಸಿವಿ ಜಾಯಿಂಟ್ (ಚಕ್ರ ಎತ್ತ ತಿರುಗಿದರೂ ಅದಕ್ಕೆ ಎಂಜಿನ್ನಿನ ಶಕ್ತಿ ಒಯ್ಯುವ ಕೀಲು) ಸವೆದಿದೆ. ಅದರ ರಬ್ಬರ್ ಬೂಟ್ ಹರಿದು ಗ್ರೀಸ್ ಎರಚಿದೆಯಾ ನೋಡಿ. ಕಾರು ನಿಂತಿರುವಾಗಲೇ ಸ್ಟೀರಿಂಗ್ ತಿರುಗಿಸಿದರೆ ‘ಟಣ್’ ಎನ್ನುವುದು ಶಾಕ್ ಅಬ್ಸಾರ್ಬರ್ ಮೇಲಿನ ಮೌಂಟಿಂಗ್ ಮತ್ತು ಬೇರಿಂಗ್. ಕ್ಲಚ್ ಬಿಡುವಾಗ ಅಥವಾ ರಿವರ್ಸ್ ಹಾಕಿ ಹೊರಟಾಗ ಒಂದು ‘ದಬ್’ ಬಂದರೆ ಎಂಜಿನ್ ಮೌಂಟಿಂಗ್ (ಎಂಜಿನ್ ಹೊತ್ತಿರುವ ರಬ್ಬರ್ ಆಧಾರ) ಮೇಲೆ ಅನುಮಾನ ಪಡಿ.

ಏರು ಹತ್ತುವಾಗ, ಆಗುಂಬೆ ಘಾಟಿಯಂಥ ಕಡೆ, ದೊಡ್ಡ ಗೇರಿನಲ್ಲಿ ಎಳೆಸಿದರೆ ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದಂತೆ ಕಟಕಟ ಬರುವುದುಂಟು. ಗೇರ್ ಇಳಿಸಿದ ಕೂಡಲೇ ನಿಲ್ಲುತ್ತದೆ. ಮೆಕ್ಯಾನಿಕ್‌ಗಳು ‘ನಾಕಿಂಗ್’ ಎನ್ನುವುದು ಇದನ್ನೇ. ಸಿಲಿಂಡರ್ ಒಳಗೆ ಪೆಟ್ರೋಲ್ ಹದ ತಪ್ಪಿ ಉರಿಯುವ ಸದ್ದು ಅದು. ಕಾರ್ಬನ್ ಕಟ್ಟಿರುವುದು, ಕಿಡಿ ಹಾರುವ ಟೈಮಿಂಗ್, ಸ್ಪಾರ್ಕ್ ಪ್ಲಗ್ ಇವನ್ನು ನೋಡಿಸಬೇಕು. ಗೇರ್ ಇಳಿಸದೆ ಹಾಗೇ ಎಳೆಸುತ್ತಾ ಹೋಗಬೇಡಿ.

ಹಂಪ್ ಮತ್ತು ಗುಂಡಿ

ರಸ್ತೆಯಿಂದಲೇ ಬರುವ ಸದ್ದಾದರೆ ಈ ಪರೀಕ್ಷೆ ನನಗೆ ಎಲ್ಲಕ್ಕಿಂತ ಇಷ್ಟ. ಖರ್ಚಿಲ್ಲ, ಸ್ಪ್ಯಾನರ್ ಬೇಡ.

ಮೊದಲು ಅಗಲವಾದ ಹಂಪ್ ಆರಿಸಿ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರದ್ದು. ಅಂಥದ್ದು ಸಿಕ್ಕಿದರೆ ಒಳ್ಳೆಯದು. ಮುಂದಿನ ಎರಡೂ ಚಕ್ರ ಒಟ್ಟಿಗೆ ಹತ್ತಿ ಒಟ್ಟಿಗೆ ಇಳಿಯುವಂತೆ ನೇರವಾಗಿ ನಿಧಾನಕ್ಕೆ ದಾಟಿ. ಆಮೇಲೆ ಒಂದೇ ಚಕ್ರ ಗುಂಡಿಗೆ ಇಳಿಯುವಂತೆ ಅಷ್ಟೇ ವೇಗದಲ್ಲಿ ಓಡಿಸಿ.

ಕಾರಣ ಹೀಗಿದೆ. ಮುಂದಿನ ಎರಡು ಚಕ್ರಗಳ ನಡುವೆ ಸ್ಟೆಬಿಲೈಸರ್ ಬಾರ್ ಎಂಬ ಬಾಗಿದ ಕಬ್ಬಿಣದ ಸರಳು ಇರುತ್ತದೆ. ಅನೇಕ ಕಾರುಗಳಲ್ಲಿ ಅದರ ಎರಡು ತುದಿಗೂ ಒಂದೊಂದು ಲಿಂಕ್ ರಾಡ್. ಎರಡೂ ಚಕ್ರ ಒಟ್ಟಿಗೆ ಏರಿದರೆ ಈ ಸರಳು ಸುಮ್ನೆ ಜೊತೆಗೆ ಏಳುತ್ತದೆ, ಅದಕ್ಕೆ ಕೆಲಸವಿಲ್ಲ. ಒಂದು ಚಕ್ರ ಮಾತ್ರ ಇಳಿದರೆ ಅದು ತಿರುಚಿಕೊಳ್ಳುತ್ತದೆ, ಲಿಂಕ್ ರಾಡ್ ಮೇಲೆ ಎಳೆತ ಬೀಳುತ್ತದೆ. ಹಂಪ್ ಮೇಲೆ ಮೌನ, ಒಂದು ಬದಿಯ ಗುಂಡಿಯಲ್ಲಿ ಟಕ್ ಎಂದಾದರೆ ಲಿಂಕ್ ರಾಡ್ ಅಥವಾ ಸ್ಟೆಬಿಲೈಸರ್ ಬುಷ್ ಮೊದಲ ಅನುಮಾನ. ಎರಡರಲ್ಲೂ ಸದ್ದು ಬಂದರೆ ಶಾಕ್, ಮೌಂಟಿಂಗ್, ಲೋವರ್ ಆರ್ಮ್ ಬುಷ್, ಬಾಲ್ ಜಾಯಿಂಟ್ (ಲೋವರ್ ಆರ್ಮ್ ತುದಿಯ ಗುಂಡಿನ ಕೀಲು) ನೋಡಬೇಕು.

ಗುಂಡಿ ರಸ್ತೆಯಲ್ಲೇ ಇನ್ನೊಂದು ಸಲ ಹೋಗಿ, ಈ ಬಾರಿ ಬ್ರೇಕನ್ನು ಮೆಲ್ಲಗೆ ಒತ್ತಿ ಹಿಡಿದುಕೊಂಡು. ಸದ್ದು ನಿಂತರೆ ಬ್ರೇಕ್ ಪ್ಯಾಡ್ ಅಥವಾ ಕ್ಯಾಲಿಪರ್ ಪಿನ್ ಸಡಿಲವಿದೆ. ಸದ್ದು ಹಿಂದಿನಿಂದ ಎನಿಸಿದರೆ ಸೈಲೆನ್ಸರ್ ತೂಗಿರುವ ರಬ್ಬರ್‌ಗಳು ಮತ್ತು ಹಿಂದಿನ ಶಾಕ್‌ನ ಬುಷ್. ಸೈಲೆನ್ಸರನ್ನು ತಣ್ಣಗಿರುವಾಗ ಕೈಯಲ್ಲಿ ಅಲ್ಲಾಡಿಸಿದರೆ ಗೊತ್ತಾಗುತ್ತದೆ.

ಈಗ ಕೈ ಹಾಕಿ ನೋಡುವುದು

ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ತಲೆ, ಕೈ ಏನನ್ನೂ ಹಾಕಬೇಡಿ. ಜಾಕ್ ಸ್ಟ್ಯಾಂಡ್ ಕೊಡಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ, ಗಟ್ಟಿ ಸಮತಟ್ಟು ನೆಲ ಇರಲಿ. ಸ್ಟ್ಯಾಂಡ್ ಇಲ್ಲದಿದ್ದರೆ ಈ ಭಾಗವನ್ನು ಗ್ಯಾರೇಜಿನಲ್ಲೇ ಮಾಡಿಸಿ.

ಎತ್ತಿದ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಆಮೇಲೆ ಎಡ ಬಲ ಹಿಡಿದು. ಎಡ ಬಲಕ್ಕೆ ಮಾತ್ರ ಆಟ (ಸಡಿಲ ಅಲುಗಾಟ) ಇದ್ದರೆ ಟೈ ರಾಡ್ ಎಂಡ್ (ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಸರಳಿನ ತುದಿ) ಅಥವಾ ಸ್ಟೀರಿಂಗ್ ರ್‍ಯಾಕ್ ಕಡೆ ನೋಡಿ. ಮೇಲೆ ಕೆಳಗೂ ಇದ್ದರೆ ವೀಲ್ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಜೊತೆಗಿದ್ದವರು ಬ್ರೇಕ್ ಒತ್ತಿದಾಗ ಆಟ ನಿಂತರೆ ಬೇರಿಂಗ್.

ಲಿಂಕ್ ರಾಡ್ ಮಾತ್ರ ಹೀಗೆ ಸಿಗುವುದಿಲ್ಲ. ಒಂದೇ ಚಕ್ರ ಎತ್ತಿದಾಗ ಸ್ಟೆಬಿಲೈಸರ್ ಬಾರ್ ತಿರುಚಿಕೊಂಡು ಲಿಂಕ್ ರಾಡನ್ನು ಬಿಗಿಯಾಗಿ ಎಳೆದಿರುತ್ತದೆ. ಸವೆದಿದ್ದರೂ ಆಟ ಕಾಣುವುದಿಲ್ಲ. ನಮ್ಮ ಕಾರಿನದ್ದು ಎರಡು ತಿಂಗಳು ತಪ್ಪಿಸಿಕೊಂಡದ್ದು ಹೀಗೆಯೇ. ಮುಂದಿನ ಎರಡೂ ಚಕ್ರ ಸಮವಾಗಿ ನೆಲದ ಮೇಲೋ ರ್‍ಯಾಂಪ್ ಮೇಲೋ ಇರುವಾಗ, ಎಂಜಿನ್ ಆಫ್ ಮಾಡಿ, ಸ್ಟೀರಿಂಗ್ ತಿರುಗಿಸಿಟ್ಟು ಚಕ್ರದ ಹಿಂದಿನಿಂದ ಕೈ ಹಾಕಿ ಲಿಂಕ್ ರಾಡನ್ನು ಜೋರಾಗಿ ಅಲ್ಲಾಡಿಸಬೇಕು. ಕೈಗೆ ಸಣ್ಣ ‘ಟಕ್’ ತಾಗಿದರೆ ಅದೇ.

ಖಚಿತವಾಗಿಸಲು ಮೆಕ್ಯಾನಿಕ್ ಎರಡೂ ಲಿಂಕ್ ರಾಡ್ ಬಿಚ್ಚಿ, ಬಾರ್ ಎಲ್ಲಿಗೂ ತಾಗದಂತೆ ಕಟ್ಟಿ, ಅದೇ ಗುಂಡಿಯ ಬೀದಿಯಲ್ಲಿ ನಿಧಾನಕ್ಕೆ ಒಂದು ಸುತ್ತು ಹೋಗಿ ಬಂದರು. ಸದ್ದಿಲ್ಲ. ಲಿಂಕ್ ರಾಡ್ ಇಲ್ಲದಿದ್ದರೆ ಕಾರು ತಿರುವಿನಲ್ಲಿ ಜಾಸ್ತಿ ವಾಲುತ್ತದೆ, ಹಾಗಾಗಿ ಇದು ಪರೀಕ್ಷೆಗೆ ಮಾತ್ರ, ಅದೂ ಖಾಲಿ ರಸ್ತೆಯಲ್ಲಿ.

ಹಾಕಿಸುವಾಗ

ಲಿಂಕ್ ರಾಡನ್ನು ಎರಡೂ ಕಡೆ ಒಟ್ಟಿಗೆ ಬದಲಾಯಿಸಿ. ಲೋವರ್ ಆರ್ಮ್ ಬುಷ್ ಹಾಕಿಸುವವರು ಒಂದು ಮಾತು ನೆನಪಿಟ್ಟುಕೊಳ್ಳಿ: ಅದರ ಬೋಲ್ಟನ್ನು ಕಾರಿನ ಭಾರ ಚಕ್ರದ ಮೇಲೆ ಕೂತಾಗಲೇ ಕೊನೆಯ ಬಿಗಿ ಮಾಡಬೇಕು. ಚಕ್ರ ನೇತಾಡುವಾಗ ಬಿಗಿ ಮಾಡಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಟೈ ರಾಡ್, ಲೋವರ್ ಆರ್ಮ್, ಮುಂದಿನ ಶಾಕ್ ಮುಟ್ಟಿದರೆ ವೀಲ್ ಅಲೈನ್‌ಮೆಂಟ್ ಮಾಡಿಸಿ. ಬರೀ ಲಿಂಕ್ ರಾಡ್‌ಗೆ ಬೇಕಿಲ್ಲ.

ಹಣ ಕೊಡುವ ಮೊದಲು ಮೆಕ್ಯಾನಿಕ್ ಜೊತೆ ಅದೇ ಬೀದಿ, ಅದೇ ವೇಗ, ಅದೇ ಗುಂಡಿಯಲ್ಲಿ ಓಡಿಸಿ ನೋಡಿ. ತೆಗೆದ ಹಳೆಯ ಪಾರ್ಟ್ ಕೇಳಿ ತೆಗೆದುಕೊಳ್ಳಿ. ನಮ್ಮ ಹಳೆಯ ಲಿಂಕ್ ರಾಡನ್ನು ಮನೆಗೆ ತಂದೆ. ಮಗಳು ಅದರ ತುದಿ ಹಿಡಿದು ಅಲ್ಲಾಡಿಸಿದಳು. ಎರಡು ತಿಂಗಳು ಕೇಳಿದ್ದ ಅದೇ ‘ಟಕ್’, ಈಗ ಅವಳ ಕೈಯಲ್ಲಿ.